ನೆಲದಿಂದ ಒಂದು ಗೇಣು ಮೇಲೆ

ಸಂಜೆಯ ಬಿಸಿಲು ಕಾಕಿಯ ತಾಟಿನ ಅಂಚಿಗೆ ಬಂದು ನಿಂತಿತ್ತು ಎಂದು ನನಗೆ ನೆನಪಿದೆ. ಈ ನೆನಪು ಸುಳ್ಳು. ಮೊಬೈಲಿನಲ್ಲಿರುವ ಚಿತ್ರದಲ್ಲಿ ಬಿಸಿಲೇ ಇಲ್ಲ. ಅದು ಯಾವುದೋ ಹಳೆಯ ಜಪಾನಿ ಸಿನಿಮಾದ ಬಿಸಿಲಿರಬೇಕು.

ಆ ಸಿನಿಮಾಗಳ ಹುಚ್ಚು ಹಿಡಿಸಿದವರು ಕಾಕಾ. ಮಿರಜದಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದವರು. ಅಲ್ಲೇ ಹತ್ತಿರದ ವಿಶ್ರಾಮಬಾಗದ ಅವರ ಮನೆಯಲ್ಲಿ ಇಬ್ಬರೂ ಕೂತು ಆ ಕಪ್ಪುಬಿಳುಪು ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆವು. ಕ್ಯಾಮೆರಾ ನೆಲದಿಂದ ಒಂದು ಗೇಣು ಮೇಲೆ, ಅಲುಗಾಡದೆ ಕೂತಿರುತ್ತದೆ. ಜನ ಎದ್ದುಹೋದರೂ ಖಾಲಿ ಕೋಣೆಯನ್ನು ನೋಡುತ್ತಲೇ ಇರುತ್ತದೆ.

"ನೆಲದ ಮ್ಯಾಲ ಕುಂತು ಉಣ್ಣೋರ ಕಣ್ಣ ಅದು. ನಮ್ಮಂಥೋರದು," ಅನ್ನುತ್ತಿದ್ದರು ಕಾಕಾ.

ಆ ಸಂಜೆ ಕಳೆದರೆ ಮರುದಿನ ಕಾಕಿಯ ಮೊಣಕಾಲಿನ ಆಪರೇಷನ್. ಇನ್ನು ಮೇಲೆ ನೆಲಕ್ಕೆ ಕೂರುವಂತಿಲ್ಲ ಎಂದಿದ್ದರು ಡಾಕ್ಟರು. ಆಕೆ ನೆಲದ ಮೇಲೆ ಕೂತು ಉಣ್ಣುವ ಒಂದೇ ಒಂದು ಶಾಟ್ ಕಾಕಾಗೆ ಬೇಕಾಗಿತ್ತು. ನಾನು ಮೊಬೈಲನ್ನು ಉಪ್ಪಿನಕಾಯಿ ಡಬ್ಬಿಗೆ ಆನಿಸಿಟ್ಟೆ. ಅಷ್ಟರಲ್ಲಿ ಮೋಡ ಅಡ್ಡ ಬಂತು.

"ತಡಿ, ಒತ್ತಬ್ಯಾಡ. ಬೆಳಕ ಬರ್ಲಿ," ಎಂದರು ಕಾಕಾ.

ಕಾಕಿ ನೋಯುವ ಕಾಲನ್ನು ಸವರುತ್ತ ಕೂತಳು. ರೊಟ್ಟಿ ಆರಿತು.

"ಹೊತ್ತ ಮುಳುಗಿದ್ರ ನಾ ಉಣ್ಣಂಗಿಲ್ಲ, ಗೊತ್ತೈತಿಲ್ರಿ? ನಿಮ್ಮ ಜಪಾನದಾಗ ಜೈನರ ಮನಿ ಒಂದೂ ಇಲ್ಲಂತ ಕಾಣ್ತೈತಿ."

"ಜರಾ ಥಾಂಬ ಗ, ತಡಿ ಸ್ವಲ್ಪ. ಮೋಡ ಸರಿಯಾಕತ್ತೈತಿ."

ಸರಿಯಲಿಲ್ಲ. ಕಾಕಿ ಕಿಟಕಿಯತ್ತ ನೋಡಿದಳು, ಮುಟ್ಟದ ತಾಟಿಗೆ ಕೈ ಮುಗಿದಳು, ಗೋಡೆ ಹಿಡಿದು ಎದ್ದಳು. "ಆತು," ಎಂದಷ್ಟೇ ಹೇಳಿ ಒಳಗೆ ಹೋದಳು. ಬೆಳಿಗ್ಗೆ ಆಸ್ಪತ್ರೆಗೂ ಬರಿಹೊಟ್ಟೆಯಲ್ಲೇ ಹೋಗಬೇಕಿತ್ತು.

"ಈಗರೆ ಒತ್ತು," ಎಂದರು ಕಾಕಾ, ಬಹಳ ಸಣ್ಣ ದನಿಯಲ್ಲಿ. ಒತ್ತಿದೆ.

ಈಗ ಊಟ ಮೇಜಿನ ಮೇಲೆ, ಹೊತ್ತು ಮುಳುಗುವ ಮುಂಚೆಯೇ. ಮೊನ್ನೆ ಕಾಕಿ ಆ ಚಿತ್ರ ಕೇಳಿ ಇಸಿದುಕೊಂಡು ನೋಡಿದಳು. ಮಂಕು ಬೆಳಕು, ತಾಟು, ಅದರಾಚೆ ಗೋಡೆ.

"ತಾಟ ಛಂದ ಬಂದೈತಿ. ನಾ ಎಲ್ಲಿದ್ದೀನ್ರಿ?"

ಕಾಕಾ ರೊಟ್ಟಿ ಮುರಿದರು. ಬೇರೆಯವರ ಸಿನಿಮಾದಲ್ಲಿ ಇಂಥ ಖಾಲಿ ಕೋಣೆ ಬಂದಾಗ ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದ್ದೆವು. ಇದನ್ನು ನೋಡಲಾಗಲಿಲ್ಲ. ಆ ಸಂಜೆ ಅಷ್ಟು ಹೊತ್ತು ಆಕೆ ಕ್ಯಾಮೆರಾದ ಎದುರಿಗೇ ಕೂತಿದ್ದಳು. ನಾವು ಬಿಸಿಲಿಗಾಗಿ ಕಾಯುತ್ತಿದ್ದೆವು.