ಡಬ್ಬಿತಲಿಗೆ ಬರೆದ ಕಣ್ಣು

ಹೋದ ತಿಂಗಳು ತುಕ್ಕಾನಟ್ಟಿಗೆ, ಬೀಗರ ಮನೆಗೆ ಹೋಗಿದ್ದೆ. ಪಕ್ಕದ ಅಂಗಳದಲ್ಲಿ ಕುರುಬರ ಹೆಣ್ಣುಮಗಳೊಬ್ಬಳು ಹೊಸ ಕಂಬಳಿ ಹಾಸಿ ಅದಕ್ಕೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದಳು. ಅರ್ಧ ಹುಳಿ, ಅರ್ಧ ಸೀದ ಹಿಟ್ಟಿನ ವಾಸನೆ. ನಮ್ಮ ಮಂದಿಯೆಲ್ಲ ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ನಾನು ಮಾತ್ರ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಗೋಕಾಕದ ನಮ್ಮ ಓಣಿ, ಗೊಂಬಿ ಕಾಕಾನ ಪಡಸಾಲೆ, ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಇದೇ ಗಂಜಿ...

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಕಾಕಾ ನಮಗೆ ಬಳಗವೇನಲ್ಲ. ನಮ್ಮ ಗೋಡೆ, ಅವರ ಗೋಡೆ ಒಂದೇ, ಅಷ್ಟೇ ಸಂಬಂಧ. ಹಗುರ ಕಟ್ಟಿಗೆ ಕೆತ್ತಿ ಗೊಂಬೆ ಮಾಡುವುದು ಅವರ ಮನೆತನದ ಉದ್ಯೋಗ. ಕಟ್ಟಿಗೆಯ ಹೊಟ್ಟನ್ನು ಈ ಗಂಜಿಯಲ್ಲಿ ಕಲಸಿ ಸಂದು ತುಂಬುತ್ತಿದ್ದರು, ಮೇಲೆ ಬಣ್ಣ ಹಚ್ಚುತ್ತಿದ್ದರು, ಎಲ್ಲ ಮುಗಿದ ಮೇಲೆ ಅಳಿಲಿನ ಬಾಲದ ಕೂದಲ ಕುಂಚದಿಂದ ಕಣ್ಣು ಬರೆಯುತ್ತಿದ್ದರು. ಕಣ್ಣು ಬರೆದರೆ ಗೊಂಬೆಗೆ ಜೀವ ಬಂತು. ಜೀವ ಬಂದ ಗೊಂಬೆ ಮಾಡಿದವರ ಮನೆಯಲ್ಲಿ ಇರಬಾರದು, ಕೊಂಡವರ ಮನೆಗೆ ಹೋಗಬೇಕು ಅಂತ ಅವರ ರೂಢಿ. ಮಾಲು ಮನೆಯಲ್ಲಿ ಕೊಳೆಯದಿರಲಿ ಅಂತ ಯಾರೋ ಹಿರಿಯರು ಹೂಡಿದ ಯುಕ್ತಿ ಅದು ಎಂದು ನಮ್ಮಪ್ಪ ನಗುತ್ತಿದ್ದ. ಕಾಕಾ ನಗುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಕಮಲಿ. ನನ್ನ ಓರಗೆಯವಳು. ಕಾಕಾನ ಬಣ್ಣದ ಪುಡಿ ಮುಂಬಯಿಯಿಂದ ರದ್ದಿ ಕಾಗದದಲ್ಲಿ ಸುತ್ತಿ ಬರುತ್ತಿತ್ತು. ಒಂದು ಸಲ ಆ ರದ್ದಿಯಲ್ಲಿ ಇಂಗ್ಲಿಷ್ ಚಿತ್ರಕಥೆಯ ಹಾಳೆಗಳಿದ್ದವು. ನೀಲಿ ಉಡುಪಿನ ಒಬ್ಬ ಮನುಷ್ಯ ಗಾಳಿಯಲ್ಲಿ ಹಾರುತ್ತಿದ್ದ. ತಲೆಗೆ ಬೋಗುಣಿ ಬೋರಲು ಹಾಕಿಕೊಂಡಂಥ ಬೆಳ್ಳಿ ಟೊಪ್ಪಿಗೆ, ಗದ್ದದವರೆಗೆ ಮುಚ್ಚಿದ್ದು, ಕಣ್ಣಿಗೊಂದು ತೂತೂ ಇಲ್ಲ. ಎದೆಯ ಮೇಲೆ ಗಡಿಯಾರದಂಥ ಬಿಲ್ಲೆ. ಅದನ್ನು ತಿರುಗಿಸಿದರೆ ಜಗತ್ತೇ ನಿಂತುಬಿಡುತ್ತಿತ್ತು. ಬೀಳುವ ಗೋಡೆ ಅರ್ಧದಲ್ಲಿ ನಿಲ್ಲುತ್ತಿತ್ತು, ಓಡುವ ರೈಲು ನಿಲ್ಲುತ್ತಿತ್ತು. ಅವನೊಬ್ಬ ಹೋಗಿ ಸಿಕ್ಕಿಬಿದ್ದವರನ್ನು ಎತ್ತಿ ತರುತ್ತಿದ್ದ. ಅವನ ಹೆಸರೇನೋ, ಓದಲು ಓಣಿಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅವನ ಊರಿನ ಆಕಾಶದಲ್ಲಿ ಎರಡು ಚಂದ್ರರಿದ್ದದ್ದರಿಂದ ನಮ್ಮ ಕಡೆಯವನಲ್ಲ ಅನ್ನುವುದಷ್ಟೇ ತಿಳಿದಿತ್ತು. ನಾವು ಅವನಿಗೆ ಡಬ್ಬಿತಲಿ ಅಂತ ಹೆಸರಿಟ್ಟೆವು.

ಕಮಲಿಗೆ ಅವನ ಹುಚ್ಚೇ ಹಿಡಿಯಿತು. ಓಡುವಾಗ ಅವಳಿಗೆ ಬೇಗ ಉಸಿರು ಕಟ್ಟುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಆಗ ಎದೆಯ ಮೇಲೆ ಅಂಗೈ ಇಟ್ಟು ಬಿಲ್ಲೆ ತಿರುಗಿಸಿದ ಹಾಗೆ ಮಾಡುತ್ತಿದ್ದಳು. ನಾವೆಲ್ಲ ಇದ್ದಲ್ಲೇ ಒಂಟಿ ಕಾಲಲ್ಲೋ ಬಾಯಿ ತೆರೆದುಕೊಂಡೋ ನಿಲ್ಲಬೇಕು. ಅವಳ ಉಸಿರು ತಿರುಗಿದ ಮೇಲೆ ಆಟ ಮುಂದುವರಿಯುತ್ತಿತ್ತು. ಅದು ಅವಳ ಬೇನೆ ಅಂತ ನಮಗೆ ಹೊಳೆದಿರಲಿಲ್ಲ, ಆಟದ ನೇಮ ಅಂದುಕೊಂಡಿದ್ದೆವು.

ಕಮಲಿಯನ್ನು ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ದು ತೋರಿಸಿದರು. ಎದೆಯೊಳಗಿನ ಕವಾಟ ಹುಟ್ಟಿನಿಂದಲೇ ಸರಿಯಿಲ್ಲ, ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿದರಂತೆ. ಬಂದ ಮರುದಿನವೇ ಕಾಕಾ ಬೇರೆಲ್ಲ ಕೆಲಸ ಬದಿಗಿಟ್ಟು ಡಬ್ಬಿತಲಿಯನ್ನು ಕೆತ್ತಲು ಕೂತರು. ಹಾಳೆಯನ್ನು ಎದುರಿಗೆ ಗೋಡೆಗೆ ಅಂಟಿಸಿಕೊಂಡಿದ್ದರು. ಟೊಪ್ಪಿಗೆಗೆ ಬೆಳ್ಳಿ ಬಣ್ಣ ಹಚ್ಚಿ, ರೂಢಿಯಂತೆ ಸಣ್ಣ ಕುಂಚ ಕೈಗೆ ತಗೊಂಡಾಗ ಕಮಲಿ ಕೂಗಿಯೇಬಿಟ್ಟಳು.

"ಕಣ್ಣು ಬರೀಬ್ಯಾಡೋ ಅಪ್ಪಾ! ಅಂವಗ ಕಣ್ಣಿಲ್ಲ. ಬರದ್ರ ಮತ್ತ ಮನಿ ಬಿಟ್ಟು ಕಳಸ್ತಿ ನೀ."

ಕಾಕಾ ಕುಂಚ ಇಟ್ಟುಬಿಟ್ಟರು. ಗೊಂಬೆ ಅವಳ ದಿಂಬಿನ ಬಾಜೂ ಬಂತು. ಎಷ್ಟೋ ದಿನ ಅವಳು ಅದನ್ನು ಎದೆಯ ಮೇಲಿಟ್ಟುಕೊಂಡೇ ಮಲಗಿದಳು...

ಮಳೆಗಾಲ ಹಿಡಿಯುವಷ್ಟರಲ್ಲಿ ಅವಳ ಕಾಲು ಬಾತವು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಒಂದು ಮುಂಜಾನೆ ನಾನು ಅವಳ ಹತ್ತಿರ ಕೂತಿದ್ದೆ, ಅವಳಿಗೆ ಜೊಂಪು ಹತ್ತಿತ್ತು. ಕಾಕಾ ಬಂದು ಅವಳ ಕೈಯಿಂದ ಗೊಂಬೆಯನ್ನು ಮೆಲ್ಲಗೆ ಬಿಡಿಸಿಕೊಂಡು ಬೆಳಕಿಗೆ ಹೋದರು.

"ಅಕಿ ಬ್ಯಾಡಂದಾಳಲ್ರಿ," ಅಂದರು ಕಾಕು, ಕಮಲಿಯ ಅವ್ವ.

"ಜೀವ ಇಲ್ಲದಂವ ಏನ್ ನಿಲ್ಲಸ್ತಾನ?" ಅಂದರು ಕಾಕಾ.

ಕಟ್ಟಿಗೆಯ ಗೊಂಬೆಯಿಂದ ಏನೂ ಆಗದು ಅನ್ನುವುದು ಹಗಲಿರುಳು ಕಟ್ಟಿಗೆ ಕೆತ್ತಿದ ಆ ಮನುಷ್ಯನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬರೆದರು. ಉಸಿರು ಬಿಗಿಹಿಡಿದು ಬೆಳ್ಳಿ ಟೊಪ್ಪಿಗೆಯ ಮೇಲೆ ದೇವರ ಗೊಂಬೆಗೆ ಬರೆಯುವಂಥ ಉದ್ದನೆಯ ಎರಡು ಕಣ್ಣು ಬರೆದರು. ಅಷ್ಟು ಚಂದದ ಕಣ್ಣು ಅವರ ಕೈಯಿಂದ ಬಂದದ್ದು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಕಮಲಿ ಎಚ್ಚರಾದಾಗ ಗೊಂಬೆಯನ್ನು ಅವಳ ಮುಖದ ಹತ್ತಿರ ಹಿಡಿದರು. ಅವಳು ಬಹಳ ಹೊತ್ತು ನೋಡಿದಳು.

"ಅಪ್ಪಾ, ಇಂವ ಯಾರು? ನಮ್ಮ ಡಬ್ಬಿತಲಿ ಎಲ್ಲಿ?"

"ಇವನಽ ನೋಡವ್ವಿ, ಇವನಽ ನಿನ್ನ ಡಬ್ಬಿತಲಿ," ಅಂದರು ಕಾಕಾ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮರುದಿನ ಮಧ್ಯಾಹ್ನ ಹೋದಳು.

ಮಣ್ಣಿಗೆ ಒಯ್ಯುವಾಗ, ಮಗಳ ಜೋಡಿ ಅವಳ ಗೊಂಬೆಯನ್ನೂ ಇಡೋಣ ಎಂದು ಕಾಕು ಅಂಗಲಾಚಿದರು. ಕಾಕಾ ಕೊಡಲಿಲ್ಲ. "ಅಕಿ ಗುರ್ತ ಹಿಡೀಲಿಲ್ಲ. ಗುರ್ತ ಇಲ್ಲದವನ ಜೋಡಿ ಕೂಸಿನ್ನ ಹೆಂಗ ಕಳಸ್ಲಿ?" ಅಂದರು. ನೆರೆದವರಿಗೆ ಏನೂ ಅರ್ಥವಾಗಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು.

ಆಮೇಲೆ ಅವರು ಆ ಕಣ್ಣುಗಳನ್ನು ಉಜ್ಜಿ ತೆಗೆಯಲು ಕೂತರು. ಬಣ್ಣ ಬಿಡಿಸಿ ಮತ್ತೆ ಬೆಳ್ಳಿ ಹಚ್ಚುವುದು, ಒಣಗಿದ ಮೇಲೆ ಒಳಗಿನ ಕಪ್ಪು ಕಾಣುತ್ತದೆ ಅಂತ ಮತ್ತೆ ಉಜ್ಜುವುದು. ನಮಗೆ ಏನೂ ಕಾಣುತ್ತಿರಲಿಲ್ಲ, ಅವರಿಗೆ ಕಾಣುತ್ತಿತ್ತು. ಉಜ್ಜಿ ಉಜ್ಜಿ ಟೊಪ್ಪಿಗೆ ಒಂದು ಕಡೆ ತಗ್ಗೇ ಬಿದ್ದಿತು. ಒಂದು ದಿನ ನನ್ನನ್ನು ಕರೆದರು. ಕಮಲಿಯಷ್ಟು ಡಬ್ಬಿತಲಿಯ ಗುರುತಿದ್ದವಳು ಓಣಿಯಲ್ಲಿ ಉಳಿದದ್ದು ನಾನೊಬ್ಬಳೇ ಅಲ್ಲವೇ.

"ನೋಡ ತಂಗಿ, ಈಗ ಅವನಽ ಹೌದಲ್ಲ?"

"ಹೌದ್ರಿ ಕಾಕಾ, ಅವನಽ," ಅಂದೆ.

"ಅಕಿ ಅನಬೇಕಾಗಿತ್ತು," ಅಂದರು. ಗೊಂಬೆಯನ್ನು ಗೋಡೆಯ ಮಾಡದಲ್ಲಿಟ್ಟು ಎದ್ದುಹೋದರು.

ಮುಂದೆ ನನ್ನನ್ನು ಹುಕ್ಕೇರಿಗೆ ಕೊಟ್ಟರು. ತವರಿಗೆ ಬಂದಾಗಲೆಲ್ಲ ಇಣುಕುತ್ತಿದ್ದೆ. ಕಾಕಾ ಕೆತ್ತುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು. ಕಣ್ಣು ಬರೆಯುವುದು ಮಾತ್ರ ಕಾಕುವಿನ ಪಾಲಿಗೆ ಬಂದಿತ್ತು. ಅವರಿಗೆ ಕೈ ಕೂತಿರಲಿಲ್ಲ, ಗೊಂಬೆಗಳೆಲ್ಲ ಮೆಳ್ಳಗಣ್ಣಿನವಾದವು. ಕೊಳ್ಳುವವರೂ ಕಡಿಮೆಯಾದರು. ಮೊದಲು ಕಾಕು, ಅವರ ಹಿಂದೆಯೇ ಕಾಕಾ ಹೋದರು. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ದಿನಕರ್ಮವೂ ಮುಗಿದಿತ್ತು, ಮಾಡ ಖಾಲಿಯಾಗಿತ್ತು. ಗೊಂಬೆ ಎಲ್ಲಿ ಅಂತ ಕಾಕಾನ ತಮ್ಮನ ಸೊಸೆಯನ್ನು ಕೇಳಿದೆ.

"ಅದ? ಕಣ್ಣಿಲ್ಲದ್ದು, ಅರ್ಧಾ ಬಿಟ್ಟ ಗೊಂಬಿ ಇತ್ತಲ್ರಿ, ನೀರೊಲಿಗೆ ಹಾಕಿದ್ವಿ," ಅಂದಳು. ಪಾಪ, ಅವಳಿಗೇನು ಗೊತ್ತು, ಅದು ಅರ್ಧಕ್ಕೆ ಬಿಟ್ಟದ್ದಲ್ಲ ಅಂತ.

ಈಗ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಏನೇನೋ ಹಳೆಯ ಚಿತ್ರಕಥೆ ತೋರಿಸುತ್ತಾಳೆ. ಡಬ್ಬಿತಲಿ ಯಾವುದರಲ್ಲೂ ಇಲ್ಲ. ಅಂಥವನೊಬ್ಬನಿದ್ದ ಅಂದರೆ ಅವಳೂ ನಂಬುವುದಿಲ್ಲ. ಹೋಗಲಿ, ಅವನದೇನು... ಕಮಲಿಯದೂ ಒಂದು ಫೋಟೋ ಇಲ್ಲ. ಅವಳನ್ನು ಕಂಡವರಲ್ಲಿ ಬದುಕಿರುವವಳು ನಾನೊಬ್ಬಳು. ನನಗೂ ಈಗ ಅವಳ ಮುಖ ಸರಿಯಾಗಿ ನೆನಪಾಗುತ್ತಿಲ್ಲ.