ಹನ್ನೊಂದನೇ ಕಂಪ್ಯೂಟರಿನ ಗುರುತುಗಳು

ಹುಮನಾಬಾದಿನ ತರಬೇತಿ ಕೇಂದ್ರದಲ್ಲಿ ನಾನು ಮೊದಲ ಸಲ ಪಾಠ ಹೇಳಿದ ತಂಡದಲ್ಲಿ ಹದಿನೈದು ಜನ ಇದ್ದರು. ಅದು ಆರು ತಿಂಗಳ ಕೋರ್ಸು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು, ಜೋಡಣೆ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು, ಇಷ್ಟೇ ಅದರ ಸಾರ. ನಿಜವಾದ ತಂತಿ, ಸ್ವಿಚ್ಚು, ರೌಟರುಗಳೆಲ್ಲ ಸೇರಿ ನಮ್ಮಲ್ಲಿ ಒಂದು ಕಪಾಟು ತುಂಬುವಷ್ಟೂ ಇರಲಿಲ್ಲ. ಹಾಗಾಗಿ ಕಲಿಕೆಯೆಲ್ಲ ಒಂದು ತಂತ್ರಾಂಶದ ಒಳಗೇ ನಡೆಯುತ್ತಿತ್ತು. ಪರದೆಯ ಮೇಲೆ ಇಡೀ ಜಾಲದ ಚಿತ್ರ ಕಾಣುತ್ತದೆ. ಈ ತುದಿಯ ಕಂಪ್ಯೂಟರಿನಿಂದ ಆ ತುದಿಗೆ ಒಂದು ಸಂದೇಶ ಬಿಟ್ಟರೆ ಅದು ಎಲ್ಲಿಯೋ ನಿಂತುಬಿಡುತ್ತದೆ. ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ನೋಡಿ ಚಿತ್ರದ ಮೇಲೆ ಸರಿಯಾದ ಜಾಗಕ್ಕೆ ಒಂದು ಗುರುತು ಹಾಕಬೇಕು.

ಆ ಅಭ್ಯಾಸಗಳನ್ನು ತಯಾರಿಸುವ ಕೆಲಸ ನನ್ನದಾಗಿತ್ತು. ಚಿತ್ರ ಬರೆದು, ಒಂದು ಕಡೆ ದೋಷ ಇಟ್ಟು, ಆ ಜಾಗದ ಸುತ್ತ ಒಂದು ಚೌಕ ಎಳೆಯುತ್ತಿದ್ದೆ. ಚೌಕ ವಿದ್ಯಾರ್ಥಿಗಳಿಗೆ ಕಾಣುವುದಿಲ್ಲ. ಅವರ ಗುರುತು ಅದರೊಳಗೆ ಬಿದ್ದರೆ ಒಂದು ಅಂಕ, ಹೊರಗೆ ಬಿದ್ದರೆ ಸೊನ್ನೆ. ತಿದ್ದುವ ಕೆಲಸ ತಂತ್ರಾಂಶದ್ದು. ಸಂಜೆ ಅಂಕಗಳ ಪಟ್ಟಿ ತಾನಾಗಿಯೇ ಬರುತ್ತಿತ್ತು, ನಾನು ಅದನ್ನು ನನ್ನ ಡೈರಿಗೆ ಇಳಿಸಿಕೊಳ್ಳುತ್ತಿದ್ದೆ. ಒಟ್ಟು ಇಪ್ಪತ್ತು ಅಭ್ಯಾಸ. ಹನ್ನೆರಡು ಸರಿಯಾದವರಿಗೆ ಮಾತ್ರ ಕೊನೆಯ ಪರೀಕ್ಷೆಗೆ ಕೂರಲು ಅವಕಾಶ.

ಬಸವಕಲ್ಯಾಣದ ನನ್ನ ಮನೆಯಿಂದ ಹುಮನಾಬಾದಿಗೆ ದಿನಾ ಎಂಟೂಕಾಲರ ಬಸ್ಸು. ಅದು ಎಷ್ಟು ಸಲ ಹೊತ್ತಿಗೆ ಸರಿಯಾಗಿ ಬಂತು, ಎಷ್ಟು ಸಲ ದಾರಿಯ ಬಂಗ್ಲಾ ಸ್ಟಾಪಿನಲ್ಲಿ ಹೆಚ್ಚು ಹೊತ್ತು ನಿಂತಿತು ಎಂಬುದೂ ನನ್ನ ಡೈರಿಯಲ್ಲಿದೆ. ಅದೇ ಬಸ್ಸಿಗೆ ಮಂಠಾಳದಿಂದ ಟಂಟಂ ಆಟೋ ಹಿಡಿದು ಬರುವ ಹೆಂಗಸೊಬ್ಬಳಿದ್ದಳು. ನನ್ನ ವಿದ್ಯಾರ್ಥಿನಿ. ಹಾಜರಿ ಪಟ್ಟಿಯಲ್ಲಿ ಹನ್ನೊಂದನೆಯವಳು. ವಯಸ್ಸಿನಲ್ಲಿ ನನಗಿಂತ ಏಳು ವರ್ಷ ದೊಡ್ಡವಳು, ಮೂರನೇ ಇಯತ್ತೆ ಓದುವ ಮಗಳ ತಾಯಿ. ಉಳಿದವರೆಲ್ಲ ಹದಿನೆಂಟು, ಇಪ್ಪತ್ತರವರು. ಅವಳನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ 'ಕಾಕು' ಎಂದು ಕರೆಯುತ್ತಿದ್ದರು. ಅವಳೂ 'ಏನ್ರೋ ಮಕ್ಕಳ್ಯಾ' ಎನ್ನುತ್ತ ನಗುತ್ತಿದ್ದಳು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ತನ್ನ ಕಥೆಯನ್ನು ಅವಳು ಒಂದೇ ದಿನ ಹೇಳಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಮಂಠಾಳದ ಒಂದು ಶಾಲೆಯವರು ಕಂಪ್ಯೂಟರ್ ಕೋಣೆ ನೋಡಿಕೊಳ್ಳಲು ಜನ ಬೇಕು, ಪ್ರಮಾಣಪತ್ರ ತಂದರೆ ನಿನ್ನನ್ನೇ ತಗೋತೀವಿ ಅಂದಿದ್ದರಂತೆ. ಅಲ್ಲಿಯವರೆಗೆ ಅವಳು ಮನೆಯ ಆಡು ಕಾಯ್ದು, ತೊಗರಿ ಹೊಲಕ್ಕೆ ಕೂಲಿಗೆ ಹೋಗಿ ಬಾಳಿದವಳು. ಅತ್ತೆಯನ್ನು ಒಪ್ಪಿಸಲು ಎರಡು ತಿಂಗಳು ಹಿಡಿದಿತ್ತು. ಆರು ತಿಂಗಳು, ಒಂದೇ ಸಲ ಎಂಬ ಮಾತಿನ ಮೇಲೆ ಅತ್ತೆ ಒಪ್ಪಿದ್ದಳು. ಮೊಮ್ಮಗಳನ್ನೂ ಆಡುಗಳನ್ನೂ ಅಷ್ಟು ದಿನ ತಾನು ನೋಡಿಕೊಳ್ಳುತ್ತೇನೆ, ಅದರ ಮೇಲೆ ಒಂದು ದಿನವೂ ಇಲ್ಲ ಎಂದಿದ್ದಳು.

ನನಗೆ ಎಲ್ಲದಕ್ಕೂ ಒಂದು ಕ್ರಮ ಬೇಕು. ಹಾಜರಿ ಸಂಖ್ಯೆ ಯಾವುದೋ ಅದೇ ಸಂಖ್ಯೆಯ ಕಂಪ್ಯೂಟರಿಗೆ ಆ ವಿದ್ಯಾರ್ಥಿ ಕೂರಬೇಕು ಎಂದು ಮೊದಲ ದಿನವೇ ನಿಯಮ ಮಾಡಿದ್ದೆ. ಅದರಿಂದ ಪಟ್ಟಿ ಇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು. ಹದಿನೈದರಲ್ಲಿ ಹದಿನಾಲ್ಕು ಹೊಸ, ಅಗಲ ಪರದೆಯವು. ಹನ್ನೊಂದನೆಯದು ಮಾತ್ರ ಹಳೆಯ ಚೌಕ ಪರದೆಯದು. ಅದು ಉಳಿದವುಗಳಂತೆಯೇ ಕೆಲಸ ಮಾಡುತ್ತಿತ್ತು, ನಾನು ಅದರ ಕಡೆ ಗಮನ ಕೊಡಲಿಲ್ಲ.

ಆರನೇ ಅಭ್ಯಾಸದ ಹೊತ್ತಿಗೆ ಅವಳಿಗೆ ಎರಡು ಸರಿ, ನಾಲ್ಕು ತಪ್ಪು. ಹತ್ತರ ಹೊತ್ತಿಗೆ ಮೂರು. ಬಸ್ಸಿನಲ್ಲಿ ಅವಳು ನೋಟ್‌ಬುಕ್ ತೆರೆದು, ಪೆನ್ನಿನಲ್ಲಿ ತಾನೇ ಬರೆದ ಜಾಲದ ಚಿತ್ರಗಳನ್ನು ತೋರಿಸಿ, ಇಲ್ಲಿ ಕೆಟ್ಟದ ಅಲ್ರಿ ಎಂದು ಕೇಳುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಅವಳ ಗುರುತು ಬಹುಪಾಲು ಸರಿಯಾದ ಜಾಗದಲ್ಲೇ ಇರುತ್ತಿತ್ತು. ಮನೆಯಲ್ಲಿ ನಿಧಾನಕ್ಕೆ ಕೂತು ಮಾಡಿದರೆ ಬರುತ್ತದೆ, ಹೊತ್ತಿನ ಮಿತಿಯೊಳಗೆ ಮಾಡಲು ಕೈ ಓಡುವುದಿಲ್ಲ ಎಂದು ನಾನು ತಿಳಿದೆ. ಹಾಗೆಂದು ಡೈರಿಯಲ್ಲಿ ಬರೆದೂ ಇದ್ದೇನೆ: 'ಹನ್ನೊಂದು: ಅರ್ಥವಾಗಿದೆ, ಕೈ ಪಳಗಿಲ್ಲ.' ಪ್ರತಿಯೊಬ್ಬರ ಗುರುತು ಎಲ್ಲಿ ಬಿತ್ತು ಎಂಬ ಚಿತ್ರವನ್ನೂ ತಂತ್ರಾಂಶ ಉಳಿಸಿಡುತ್ತದೆ. ಅದನ್ನು ತೆರೆಯಲು ಎರಡು ಸಲ ಒತ್ತಿದರೆ ಸಾಕು. ಆ ಆರು ತಿಂಗಳಲ್ಲಿ ನಾನು ಒಮ್ಮೆಯೂ ತೆರೆಯಲಿಲ್ಲ. ಅಂಕ ಇದ್ದಾಗ ಚಿತ್ರ ಯಾಕೆ ಎನ್ನುವ ಸ್ವಭಾವ ನನ್ನದು.

ಹದಿನಾರನೇ ಅಭ್ಯಾಸ ನವೆಂಬರಿನ ಒಂದು ಗುರುವಾರ ನಡೆಯಿತು. ಫಲಿತಾಂಶ ಪರದೆಯ ಮೇಲೆ ಬಂದ ಮೇಲೆ ಅವಳು ಎದ್ದು ನಿಂತಳು.

"ಮೇಡಂರಿ, ಈ ಹತ್ತನೇ ನಂಬರಿನಾಕಿ ಎಲ್ಲಿ ಹಾಕ್ಯಾಳ, ನಾನೂ ಅಲ್ಲೇ ಹಾಕೀನ್ರಿ. ಆಕಿದು ಸರಿ ಬಂದದ, ನಂದು ತಪ್ಪು ಬಂದದ. ಇದು ಹ್ಯಾಂಗ್ರಿ?"

ಅವಳ ಧ್ವನಿಯಲ್ಲಿ ಜಗಳ ಇರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಇತ್ತು. ನನಗೆ ಕೇಳಿಸಿದ್ದು ಬೇರೆಯೇ.

"ಆಕಿ ಎಲ್ಲಿ ಹಾಕ್ಯಾಳಂತ ನಿಮಗ ಹ್ಯಾಂಗ ಗೊತ್ತಾತು?" ಎಂದೆ.

ಹಿಂದಿನ ಸಾಲಿನಿಂದ ನಿರ್ಣಾ ಊರಿನ ಹುಡುಗನೊಬ್ಬ, "ಕಾಕು ಕಾಪಿ ಹೊಡದ್ರೂ ತಪ್ಪೇ ಹೊಡೀತಾಳ್ರಿ" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಅವನನ್ನು ಸುಮ್ಮನಿರಿಸಲೂ ಇಲ್ಲ. ಪಕ್ಕದವರ ಪರದೆ ನೋಡುವುದು ಇಲ್ಲಿ ನಡೆಯುವುದಿಲ್ಲ, ಕಂಪ್ಯೂಟರಿಗೆ ಯಾರ ಮೇಲೂ ಪ್ರೀತಿ ದ್ವೇಷ ಇರುವುದಿಲ್ಲ, ನೀವು ದೊಡ್ಡವರು, ನೀವೇ ಹೀಗೆ ಮಾಡಿದರೆ ಹೇಗೆ ಎಂದು ಹೇಳಿದೆ. ಅವಳು ಕೂತಳು. ಗಂಟೆ ಮುಗಿಯುವವರೆಗೂ ಪರದೆಯನ್ನೇ ನೋಡುತ್ತಿದ್ದಳು.

ಮರುದಿನ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತಳು. ಸೋಮವಾರದಿಂದ ಬರಲೇ ಇಲ್ಲ. ಡೈರಿಯಲ್ಲಿ ಅವಳ ಹೆಸರಿನ ಮುಂದೆ ಹದಿನೇಳರಿಂದ ಇಪ್ಪತ್ತರವರೆಗೆ ನಾಲ್ಕು ಗೈರುಹಾಜರಿ. ಒಟ್ಟು ಅಂಕ ಐದು. ಜನವರಿಯಲ್ಲಿ ಪರೀಕ್ಷೆ ಆಯಿತು, ತಂಡ ಚದುರಿಹೋಯಿತು.

ಫೆಬ್ರವರಿಯಲ್ಲಿ ಹೊಸ ತಂಡ ಬಂತು. ಎರಡನೇ ವಾರದಲ್ಲಿ ನನ್ನ ಮೇಜಿನ ಕಂಪ್ಯೂಟರ್ ಕೆಟ್ಟು ದುರಸ್ತಿಗೆ ಹೋಯಿತು. ಆ ದಿನ ಹನ್ನೊಂದನೆಯ ಜಾಗ ಖಾಲಿ ಇದ್ದುದರಿಂದ ಅಲ್ಲೇ ಕೂತು, ಹೊಸದಾಗಿ ಮಾಡಿದ ಒಂದು ಅಭ್ಯಾಸವನ್ನು ಪರೀಕ್ಷಿಸಿದೆ. ದೋಷ ಇಟ್ಟವಳು ನಾನೇ. ಗುರುತು ಹಾಕಿದೆ. ತಪ್ಪು ಎಂದು ಬಂತು. ಇನ್ನೊಮ್ಮೆ ಹಾಕಿದೆ, ಆಗಲೂ ತಪ್ಪು. ಮೂರನೆಯ ಸಲ ತಂತಿಯ ನಟ್ಟನಡುವೆ ಹಾಕಿದೆ. ಅದೂ ತಪ್ಪೇ.

ಎದ್ದು ಹೋಗಿ ಹತ್ತನೆಯದರಲ್ಲಿ ಮಾಡಿದೆ, ಸರಿ ಎಂದು ಬಂತು. ಎರಡೂ ಪರದೆಗಳನ್ನು ಹೋಲಿಸಿ ನೋಡಿದೆ.

ಚೌಕ ಪರದೆಯಲ್ಲಿ ಹಿಡಿಸಲೆಂದು ಚಿತ್ರ ಕುಗ್ಗಿ ಕೂತಿತ್ತು. ನಾನು ಎಳೆದ ಕಾಣದ ಚೌಕಗಳು ಮಾತ್ರ ಕುಗ್ಗಿರಲಿಲ್ಲ. ಅವು ಅಗಲ ಪರದೆಯ ಅಳತೆಯಲ್ಲೇ ಉಳಿದಿದ್ದವು. ಎಡಗಡೆ ಮೇಲಿನ ಮೂಲೆಯಲ್ಲಿ ಎರಡೂ ಹೆಚ್ಚು ಕಡಿಮೆ ಕೂಡುತ್ತಿದ್ದವು. ಬಲಕ್ಕೆ, ಕೆಳಕ್ಕೆ ಹೋದಷ್ಟೂ ಒಂದರಿಂದ ಒಂದು ದೂರವಾಗುತ್ತಿದ್ದವು. ಹಳೆಯ ತಂಡದ ಕಡತ ತೆರೆದೆ. ಅವಳಿಗೆ ಸರಿ ಎಂದು ಬಂದ ಐದರಲ್ಲಿ ಐದಕ್ಕೂ ಉತ್ತರ ಎಡಗಡೆಯ ಮೇಲಿನ ಮೂಲೆಯಲ್ಲೇ ಇತ್ತು. ಉಳಿದ ಹನ್ನೊಂದು ಚಿತ್ರಗಳನ್ನು ಒಂದೊಂದಾಗಿ ತೆರೆದು, ಅಳತೆ ತಿದ್ದಿ, ಅವಳ ಗುರುತುಗಳನ್ನು ಅವುಗಳ ಜಾಗಕ್ಕೆ ತಂದೆ. ಹದಿನಾರರಲ್ಲಿ ಹದಿನಾಲ್ಕು ಸರಿ. ಬಿಟ್ಟುಹೋದ ದಿನವೇ ಅವಳು ಪರೀಕ್ಷೆಗೆ ಅರ್ಹಳಾಗಿದ್ದಳು, ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚೇ ಇತ್ತು.

ಕೇಂದ್ರದ ಮುಖ್ಯಸ್ಥರಿಗೆ ಹೇಳಿದೆ. ಫಲಿತಾಂಶ ಮೇಲೆ ಹೋಗಿಯಾಗಿದೆ, ಈಗ ಏನೂ ಮಾಡಲಾಗದು, ಬೇಕಾದರೆ ಈ ತಂಡಕ್ಕೆ ಸೇರಿಕೊಳ್ಳಲಿ ಎಂದರು. ನಾನು ಹದಿನಾರು ಚಿತ್ರಗಳನ್ನೂ ಮುದ್ರಿಸಿಕೊಂಡು ಭಾನುವಾರ ಮಂಠಾಳಕ್ಕೆ ಹೋದೆ.

ಅವಳು ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಅವಳು ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಚಾಪೆ ಹಾಸಿದಳು. ನೀರು ತಂದಳು. ನಾನು ಹಾಳೆಗಳನ್ನು ಬಿಡಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಒಂದೊಂದು ಚಿತ್ರದ ಮೇಲೂ ಬೆರಳಿಟ್ಟು, ತಂತಿಯ ದಾರಿ ಹಿಡಿದು ಹೋಗಿ, ತನ್ನ ಗುರುತಿನ ಹತ್ತಿರ ನಿಲ್ಲಿಸುತ್ತಿದ್ದಳು. ಒಂಬತ್ತನೆಯದಕ್ಕೆ ಬಂದಾಗ, ಇದು ಖರೇನ ತಪ್ಪದರಿ, ಅವತ್ತು ಗಡಬಡಿ ಮಾಡಿದ್ದೆ ಎಂದಳು. ಅದು ನಿಜವಾಗಿಯೂ ತಪ್ಪಾದ ಎರಡರಲ್ಲಿ ಒಂದು.

ಆಮೇಲೆ ಇನ್ನೊಂದು ಸಂಗತಿ ಹೇಳಿದಳು. ಕೋರ್ಸು ಬಿಟ್ಟ ಮೇಲೆ ಬಸವಕಲ್ಯಾಣಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದಳಂತೆ. ತನಗೆ ಕಾಣುವ ಜಾಗ ಒಂದು, ಇರುವ ಜಾಗ ಇನ್ನೊಂದು ಎಂದು ಅವಳಿಗೆ ಹೆದರಿಕೆಯಾಗಿತ್ತು. ಡಾಕ್ಟರು ಕಣ್ಣು ನೆಟ್ಟಗಿದೆ ಅಂದರಂತೆ. ಹಾಗಾದರೆ ಬುದ್ಧಿಯೇ ಸರಿಯಿಲ್ಲ ಅಂದುಕೊಂಡು ಸುಮ್ಮನಾದೆ ಎಂದಳು. ಅದನ್ನು ಅವಳು ಅಳುತ್ತ ಹೇಳಲಿಲ್ಲ. ನಾನು ಹಾಳೆಗಳ ಅಂಚು ಸರಿಮಾಡುತ್ತ ತಲೆ ತಗ್ಗಿಸಿದೆ.

ಹೊಸ್ತಿಲ ಮೇಲಿಂದ ಅತ್ತೆ, "ತಪ್ಪು ಯಾರ್ದಾತು ಹಂಗಾರ?" ಎಂದಳು.

"ನಂದ್ರಿ."

"ಕಾಪಿ ಹೊಡದಾಳಂತ ಊರಾಗೆಲ್ಲ ಅಂದ್ರಲ್ಲ, ಅದು?"

"ಅದೂ ನಂದೇರಿ."

ಮುದುಕಿ ಸೊಸೆಯ ಕಡೆ ಒಮ್ಮೆ ನೋಡಿ, ಎದ್ದು ಒಳಗೆ ಹೋದಳು. ನಾನು ಈ ಸಲದ ತಂಡಕ್ಕೆ ಬನ್ನಿ, ಮುಖ್ಯಸ್ಥರು ಒಪ್ಪಿದ್ದಾರೆ ಎಂದೆ. ಅವಳು ಬೇಡವೆಂದಳು. ಒಂದೇ ಸಲ ಎಂದು ಕೇಳಿದ್ದೆ, ಆ ಒಂದು ಸಲ ಬಂದಾಯಿತು, ಶಾಲೆಯವರೂ ಬೇರೆಯವರನ್ನು ತೆಗೆದುಕೊಂಡಾಯಿತು ಎಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಅಲ್ಲಿ ಕೂರುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಹೊರಡುವಾಗ ಟಂಟಂ ನಿಲ್ಲುವ ತನಕ ಬಂದಳು.

"ನಂಗ ಹೇಳೂದು ಬ್ಯಾಡ್ರಿ ಮೇಡಂ. ನಾ ಎಲ್ಲಿ ಹಾಕೀನಿ ನಂಗ ಗೊತ್ತದ. ಅವತ್ತು ನಕ್ಕರಲ್ಲ, ಅವ್ರಿಗಿ ಹೇಳ್ರಿ."

ಆ ತಂಡ ಈಗ ಯಾವ ಕೋಣೆಯಲ್ಲೂ ಒಟ್ಟಿಗೆ ಕೂರುವುದಿಲ್ಲ. ಡೈರಿಯಲ್ಲಿ ಹದಿನಾಲ್ಕು ಹೆಸರು ಬರೆದುಕೊಂಡು ಒಬ್ಬೊಬ್ಬರಿಗೆ ಫೋನ್ ಮಾಡಲು ಶುರುಮಾಡಿದೆ. ಕೆಲವರು ಹೌದೇನ್ರಿ, ಪಾಪ ಎಂದರು. ಒಬ್ಬನಿಗೆ ಅಂಥದ್ದೊಂದು ದಿನವೇ ನೆನಪಿರಲಿಲ್ಲ. ಹತ್ತನೇ ನಂಬರಿನ ಹುಡುಗಿ, ಕಾಕು ತನ್ನ ಪರದೆ ನೋಡಿರಲಿಲ್ಲ, ಫಲಿತಾಂಶ ಬಂದ ಮೇಲೆ ತಾನೇ ಕರೆದು ತೋರಿಸಿದ್ದೆ ಎಂದಳು. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಎಲ್ಲಾ ನೋಡೇ ಹೇಳಾಕತ್ತೀರಿ ಅನಕೊಂಡೆರಿ" ಎಂದಳು.

ನಿರ್ಣಾದ ಹುಡುಗನ ನಂಬರು ಬದಲಾಗಿತ್ತು. ಒಂದು ಭಾನುವಾರ ಅವನ ಊರಿಗೇ ಹೋದೆ. ಅವನು ಜಹೀರಾಬಾದ್ ಕಡೆಯ ಕಾರ್ಖಾನೆಯೊಂದಕ್ಕೆ ಸೇರಿದ್ದಾನೆಂದು ಅವನ ತಾಯಿ ಹೇಳಿ ಹೊಸ ನಂಬರು ಕೊಟ್ಟಳು. ಏನು ಸಮಾಚಾರ ಎಂದು ಕೇಳಿದಳು. ಅವಳಿಗೂ ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಆದರೆ ಅವಳು ನನ್ನ ಪಟ್ಟಿಯಲ್ಲಿಲ್ಲ.

ಇಂದಿಗೆ ಹೇಳಿದ್ದು ಹದಿಮೂರು ಜನರಿಗೆ. ಅವನೊಬ್ಬ ಉಳಿದಿದ್ದಾನೆ. ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ, ಪಾಳಿಯಲ್ಲಿರಬೇಕು.