ಈಶಪ್ಪ ಬರೆದ ಕೊನೆಯ ಕಣ್ಣು

ಈಶಪ್ಪ ಹೊಳಿಯಪ್ಪ ಚಿತ್ರಗಾರ, ವಯಸ್ಸು ನಲವತ್ತೊಂಬತ್ತು, ಕೊಪ್ಪಳ ತಾಲ್ಲೂಕಿನ ಕಿನ್ನಾಳದವನು. ಹೆಂಡತಿ ಮಲ್ಲೇಶ್ವರಿ, ಕುಷ್ಟಗಿಗೆ ಕೊಟ್ಟ ಮಗಳು ಶಿವಲೀಲಾ. ಮನೆತನದ ಕಸುಬು ಕಟ್ಟಿಗೆಯ ಗೊಂಬೆ. ಅದನ್ನು ಬಿಟ್ಟು ಸೈನ್ಯ ಸೇರಿದ ಅವನು ಕಾರ್ಗಿಲ್ಲಿನಿಂದ ವೈರಿಯ ಹೆಲ್ಮೆಟ್ ಒಂದನ್ನು ತಂದ.

ಊರು ಹಲಗೆ ಬಾರಿಸಿ ಬರಮಾಡಿಕೊಂಡಿತು. ಹೆಲ್ಮೆಟ್ಟನ್ನು ಅವನ ಪಡಸಾಲೆಯ ಗೂಟಕ್ಕೆ ನೇತುಹಾಕಿದವರೂ ಊರವರೇ, ಇಳಿಸಗೊಡದವರೂ ಅವರೇ. ಪಿಂಚಣಿ ಪಡೆದು ಮತ್ತೆ ಉಳಿ ಹಿಡಿದಾಗ ಅವನಿಗೆ ಗರುಡನನ್ನು ಕೆತ್ತುವ ಆಸೆ. ಬಂದವರೆಲ್ಲ ಕೇಳಿದ್ದು ಬಂದೂಕಿನ ಸಿಪಾಯಿಯನ್ನು. ಗಂಗಾವತಿಯ ಶಾಲೆಗೊಂದು, ಯಲಬುರ್ಗಿಯ ಸಂಘಕ್ಕೊಂದು. ಬೆಳಕು ಬೀಳುತ್ತಿದ್ದದ್ದು ಆ ಗೂಟದ ಕೆಳಗೆ ಮಾತ್ರ. ಕೆತ್ತಲು ಅಲ್ಲಿಯೇ ಕೂರಬೇಕು.

ಕಡೆಗೆ ಊರಿನ ಸ್ಮಾರಕ ಸಮಿತಿಯ ಅಧ್ಯಕ್ಷ ಸಿದ್ದೇಶ ಬಂದ.

"ದೇವಿ ಕಾಲಾಗ ಮಹಿಷ ಇರ್ತಾನಲ್ಲ, ಹಂಗ ಸಿಪಾಯಿ ಕಾಲಾಗ ವೈರಿ ಇರ್ಲಿ. ವೈರಿ ತಲಿಮ್ಯಾಲ ಇದೇ ಹೆಲ್ಮೆಟ್ ಕಾಣಬೇಕು."

ಈಶಪ್ಪ ಕೆತ್ತಿದ. ಹುಣಸೆಬೀಜದ ಅಂಟು ಮೆತ್ತಿದ, ಬಣ್ಣ ಬಳಿದ. ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕೂ ಕಡೆಗೆ. ಬರೆದರೆ ಜೀವ ಬಂದಂತೆ, ಮತ್ತೆ ಅಳಿಸುವಂತಿಲ್ಲ. ಅಲ್ಲಿಗೆ ಬಂದು ಅವನ ಕೈ ನಿಂತಿತು. ಕಾಲಡಿಯ ವೈರಿಗೆ, ಬೇಡವೆಂದರೂ, ಕಾರ್ಗಿಲ್ಲಿನ ಬಂಡೆಯ ಹಿಂದೆ ತಾನು ಕೊಂದವನ ಮುಖವೇ ಬಂದಿತ್ತು.

"ಏನೋ ಈಶ್ಯಾ, ಗೊಂಬಿಗೆ ಕಣ್ಣುಬ್ಯಾನಿ ಬಂದೈತೇನು?" ಸಿದ್ದೇಶ ದಿನವೂ ಕಟ್ಟೆಯಿಂದ ಕೆಣಕುತ್ತಿದ್ದ.

"ಬರೀತೀನ್ರೀ ಅಣ್ಣಾರ."

ಮಲ್ಲೇಶ್ವರಿಗೆ ತಡೆಯಲಾಗಲಿಲ್ಲ. "ಆಗಂಗಿಲ್ಲ ಅಂತ ಹೇಳಿಬಿಡ್ರಿ."

"ಯಾರಿಗೆ ಹೇಳ್ಲಿ? ನನ್ನ ಮರ್ಯಾದಿನ ಗೂಟಕ್ಕ ಹಾಕ್ಯಾರ. ಅದನ್ನ ಇಳಿಸಿದ್ರ ನಾನೂ ಇಳದಂಗ."

ಗೊಂಬೆಯ ಪ್ರತಿಷ್ಠಾಪನೆಯ ಹಿಂದಿನ ದಿನ ಸಮಿತಿಯವರು ಪಡಸಾಲೆ ತುಂಬಿ ಕುಳಿತರು. ಎಲ್ಲರೆದುರು ಈಶಪ್ಪ ಕುಂಚ ಹಿಡಿದ. ಕಾಲಡಿಯವನಿಗೆ ಅಗಲವಾದ ಎರಡು ಕಣ್ಣು ಬರೆದ. ಸಿಪಾಯಿಯ ಮುಖದಲ್ಲಿ ಎರಡು ಗೆರೆ ಎಳೆದು ರೆಪ್ಪೆ ಮುಚ್ಚಿಸಿದ.

"ಗೆದ್ದಾಂವ ಯಾಕ ಕಣ್ಣು ಮುಚ್ಯಾನೋ?" ಸಿದ್ದೇಶ ಕೇಳಿದ.

"ಗುಂಡು ಹಾರಸೂ ಮುಂದ ನಾ ಮುಚ್ಚಿದ್ದೆನ್ರಿ. ಅಂವ ನೋಡಾಕತ್ತಿದ್ದ."

ಸಿದ್ದೇಶ ಎದ್ದು ಚಪ್ಪಲಿ ಮೆಟ್ಟಿದ. ಗೊಂಬೆಯನ್ನು ಯಾರೂ ಒಯ್ಯಲಿಲ್ಲ. ಅಳಿಸಲಾಗದ ಆ ಕಣ್ಣುಗಳು ಅಂದಿನಿಂದ ಅದೇ ಪಡಸಾಲೆಯಲ್ಲಿ ಅವನನ್ನೇ ನೋಡುತ್ತ ಉಳಿದವು. ಅವುಗಳ ಎದುರಿನಲ್ಲಿಯೇ, ಕಳೆದ ಶ್ರಾವಣದಲ್ಲಿ, ಎದೆನೋವು ಬಂದು ಅವನು ತೀರಿಕೊಂಡ.

ಅವನು ಬಿಟ್ಟುಹೋದದ್ದು:

ಉಳಿಗಳು, ಅವುಗಳಲ್ಲೊಂದು ಮೊಂಡು.
ಅಂಟು ಒಣಗಿದ ಗಡಿಗೆ.
ಟ್ರಂಕಿನ ತಳದಲ್ಲಿ ಸೈನ್ಯದ ಪದಕ.
ರೆಕ್ಕೆ ಮೂಡದ ಗರುಡ.
ಕಣ್ಣು ಮುಚ್ಚಿದ ಸಿಪಾಯಿ, ಕಣ್ಣು ತೆರೆದ ವೈರಿ.
ಹೆಲ್ಮೆಟ್, ಗೂಟದ ಮೇಲೆಯೇ.